ಪೈಲ್ವಾನ್ ಕಾಲಿನ ಒಳಗುಟ್ಟು

ಹೊರಗೆ ಉಕ್ಕಿನಂಥ ಮೀನಖಂಡ, ಒಳಗೆ ಬರೀ ಕೊಬ್ಬು. ಡುಶೆನ್ ಸ್ನಾಯುಕ್ಷಯ ಹೆತ್ತವರ ಕಣ್ಣಿಗೂ ವೈದ್ಯರ ಕಣ್ಣಿಗೂ ಮಣ್ಣೆರಚುವುದು ಹೀಗೆ. ಈಗ ಎಂ.ಆರ್.ಐ. ಯಂತ್ರ ಸ್ನಾಯುವಿನ ನೀರಿನ ಲೆಕ್ಕ ಬೇರೆ, ಕೊಬ್ಬಿನ ಲೆಕ್ಕ ಬೇರೆ ಬರೆದಿಡುತ್ತಿದೆ. ಹುಡುಗನ ನಡಿಗೆ ಇನ್ನೆಷ್ಟು ದಿನ ಎಂಬ ಸುಳಿವು ಆ ಲೆಕ್ಕದ ಪುಸ್ತಕದಲ್ಲಿದೆ.

ತಕರಾರು ಬಂದದ್ದು ಉಡಿದಾರದ ವಿಷಯಕ್ಕೆ.

ಬೆಂಗಳೂರಿನ ಒಂದು ಎಂ.ಆರ್.ಐ. ಕೇಂದ್ರ. ಒಳಬಾಗಿಲ ಬಳಿ ಅಮ್ಮ ತಾಳಿ ಬಿಚ್ಚಿ ಪರ್ಸಿಗೆ ಹಾಕಿಕೊಂಡಿದ್ದರು. ಜಗ್ಗದ ಕಾಲುಂಗುರವನ್ನು ಸೋಪು ಹಚ್ಚಿ ತೆಗೆದದ್ದೂ ಆಗಿತ್ತು. ಉಳಿದದ್ದು ಎಂಟು ವರ್ಷದ ಮಗನ ಸೊಂಟದ ಕರಿ ಉಡಿದಾರ, ಅದರಲ್ಲಿ ತೂಗುತ್ತಿದ್ದ ತಾಮ್ರದ ತಾಯಿತ.

‘ಲೋಹ ಒಳಗೆ ಬಿಡಂಗಿಲ್ಲಮ್ಮ. ಒಳಗಿರೋದು ದೊಡ್ಡ ಅಯಸ್ಕಾಂತ’ ಎಂದ ಟೆಕ್ನೀಷಿಯನ್.

‘ಕಾಲಿಗೆ ಬಲ ಬರ್ಲಿ ಅಂತ ಕಟ್ಸಿದ್ದು ಕಣಪ್ಪ. ತೆಗೀಬಾರ್ದು ಅಂದಿದಾರೆ.’

ಇಬ್ಬರೂ ಸುಮ್ಮನಾದರು. ಇತ್ಯರ್ಥ ಮಾಡಿದವನು ಹುಡುಗನೇ. ಉಡಿದಾರವನ್ನು ಸೊಂಟದಿಂದ ಜಾರಿಸಿ, ಅದು ಪಾದದ ಮೇಲೆ ಬಿದ್ದಾಗ, ‘ಎತ್ಕೊಳಮ್ಮ. ಆಮೇಲೆ ಕಟ್ಟಿದ್ರಾಯ್ತು’ ಅಂದ. ತಾನು ಬಗ್ಗಲಿಲ್ಲ. ಬಗ್ಗಿದರೆ ಮತ್ತೆ ಏಳುವುದು ಎಷ್ಟು ಪ್ರಯಾಸ ಎಂದು ಅವನಿಗೆ ಗೊತ್ತಿತ್ತು.

(ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ. ಆದರೆ ಚಿತ್ರ ಕೆಡಿಸುತ್ತದೆ, ಕಾದು ಚುರುಕು ಮುಟ್ಟಿಸಲೂಬಹುದು. ಟೆಕ್ನೀಷಿಯನ್ ಹಟ ಹಿಡಿದದ್ದು ಸರಿಯೇ.)

ಅಪ್ಪ ಎತ್ತಿ ಮೇಜಿನ ಮೇಲೆ ಮಲಗಿಸಿದರು. ಕಾಲು ಮುಂದಾಗಿ ಸುರಂಗದೊಳಕ್ಕೆ. ತಲೆ ಹೊರಗೇ ಉಳಿಯಿತು. ಪಾದ ಹೊರಳದಂತೆ ಇಕ್ಕೆಲದಲ್ಲಿ ಮರಳಿನ ಚೀಲ, ಕಿವಿಗೆ ಹೆಡ್‌ಫೋನು. ಯಂತ್ರ ಡಬಡಬನೆ ಬಡಿಯತೊಡಗಿತು. ಇನ್ನು ಮುಕ್ಕಾಲು ಗಂಟೆ ಹುಡುಗ ಮಾಡಬೇಕಾದ್ದು ಒಂದೇ ಕೆಲಸ: ಅಲ್ಲಾಡದೆ ಬಿದ್ದುಕೊಂಡಿರುವುದು.

‘ಅದೇನೂ ಕಷ್ಟ ಇಲ್ಲ ಇವನಿಗೆ. ಓಡು ಅಂದ್ರೇನೇ ಕಷ್ಟ’ ಅಂದರು ಅಪ್ಪ. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ ಅದು.

ಬಾಳೆದಿಂಡಿನ ಬಿಲ್ಲೆ

ಗಾಜಿನ ಈಚೆಗೆ ಕಂಪ್ಯೂಟರ್ ಪರದೆ. ಬಾಳೆದಿಂಡನ್ನು ಅಡ್ಡಕ್ಕೆ ಕೊಯ್ದಿಟ್ಟ ಬಿಲ್ಲೆಗಳಂತೆ ತೊಡೆಯ ಚಿತ್ರಗಳು ಒಂದೊಂದಾಗಿ ಮೂಡಿದವು.

ಆರೋಗ್ಯವಂತ ತೊಡೆಯಾದರೆ ಬಿಲ್ಲೆಯ ಅಂಚಿಗೆ ಬಿಳಿ ಬಳೆ, ಅದು ಚರ್ಮದಡಿಯ ಕೊಬ್ಬು. ನಡುವೆ ಎಲುಬು. ಉಳಿದದ್ದೆಲ್ಲ ಬೂದುಗಪ್ಪು ಸ್ನಾಯು. ಈ ಹುಡುಗನ ಬಿಲ್ಲೆಯಲ್ಲಿ ಬಿಳಿ ಒಳಕ್ಕೆ ನುಗ್ಗಿತ್ತು. ಕೆಲವು ಕಡೆ ಎಳೆಎಳೆಯಾಗಿ, ಕೆಲವು ಕಡೆ ಮುದ್ದೆಯಾಗಿ.

ಮೂರು ಸಣ್ಣ ದ್ವೀಪಗಳು ಮಾತ್ರ ಕಪ್ಪಾಗಿಯೇ ಉಳಿದಿದ್ದವು. ಸಾರ್ಟೋರಿಯಸ್, ಗ್ರಾಸಿಲಿಸ್, ಸೆಮಿಟೆಂಡಿನೋಸಸ್ ಎಂಬ ಉದ್ದನೆಯ ಸಪೂರ ಸ್ನಾಯುಗಳವು. ಪ್ರವಾಹದಲ್ಲಿ ಊರೆಲ್ಲ ಮುಳುಗಿದರೂ ದಿಬ್ಬದ ಮನೆಗಳು ಒಣಗಿ ನಿಂತಂತೆ, ಡುಶೆನ್ ಈ ಮೂರನ್ನು ಬಹಳ ಕಾಲ ಮುಟ್ಟದೆ ಬಿಡುತ್ತದೆ. ಅನುಭವಸ್ಥ ರೇಡಿಯಾಲಜಿಸ್ಟರು ರೋಗವನ್ನು ಗುರುತು ಹಿಡಿಯುವುದು ಮುಳುಗಿದ್ದನ್ನು ನೋಡಿ ಎಷ್ಟೋ, ಮುಳುಗದೇ ಉಳಿದದ್ದನ್ನು ನೋಡಿಯೂ ಅಷ್ಟೇ.

ಪಕ್ಕದಲ್ಲಿ ಅಮ್ಮ ಪರದೆಯನ್ನು ನೋಡುತ್ತ ಹೇಳಿದ ಮಾತು ಈ ಲೇಖನಕ್ಕೆ ತಲೆಬರಹ ಕೊಟ್ಟಿತು. ‘ನಮ್ಮತ್ತೆ ಇವನ ಕಾಲಿಗೆ ಎಣ್ಣೆ ಹಚ್ಚುವಾಗೆಲ್ಲ ಪೈಲ್ವಾನ್ ಕಾಲು ಅಂತಿದ್ರು. ಇಷ್ಟು ದಪ್ಪ ಮೀನಖಂಡ ಬೀದೀಲಿ ಯಾವ ಹುಡುಗನಿಗೂ ಇರ್ಲಿಲ್ಲ.’

ಮೀನುಗಾರರ ಮನೆಯ ವೈದ್ಯ

ದಪ್ಪ ಕಾಲು, ಇಲ್ಲದ ಬಲ. ಈ ಒಗಟಿನ ಬೆನ್ನು ಹತ್ತಿದವರು ಫ್ರಾನ್ಸಿನ ಗಿಯೋಮ್ ಡುಶೆನ್. 1806ರಲ್ಲಿ ಬುಲೋನ್ ಎಂಬ ಕಡಲತೀರದ ಊರಿನಲ್ಲಿ, ಮೀನುಗಾರರು ಮತ್ತು ನಾವಿಕರ ಮನೆತನದಲ್ಲಿ ಹುಟ್ಟಿದವರು. ಪ್ಯಾರಿಸ್ಸಿಗೆ ಬಂದ ಮೇಲೆ ಯಾವ ಆಸ್ಪತ್ರೆಯಲ್ಲೂ ಹುದ್ದೆಯಿಲ್ಲದೆ, ವಿದ್ಯುತ್ ಪೆಟ್ಟಿಗೆಯೊಂದನ್ನು ಹೊತ್ತು ವಾರ್ಡಿನಿಂದ ವಾರ್ಡಿಗೆ ಅಲೆದರು. ರೋಗಿಯ ಸ್ನಾಯುವಿಗೆ ಕರೆಂಟು ಮುಟ್ಟಿಸುವುದು, ಅದು ಹೇಗೆ ಅದುರುತ್ತದೆ ಎಂದು ಬರೆದಿಡುವುದು. ಕ್ಯಾಮೆರಾ ಹೊಸದಾಗಿದ್ದ ಕಾಲದಲ್ಲೇ ರೋಗಿಗಳ ಫೋಟೊ ತೆಗೆದಿಟ್ಟರು.

1868ರಲ್ಲಿ ಅವರು 13 ಮಕ್ಕಳ ಕಥೆಯನ್ನು ವಿವರವಾಗಿ ಪ್ರಕಟಿಸಿದರು. ಅದಕ್ಕೂ ಮುಂಚೆ, 1852ರಲ್ಲೇ, ಲಂಡನ್ನಿನ ಎಡ್ವರ್ಡ್ ಮೆರಿಯನ್ ಇದೇ ರೋಗವನ್ನು ವರ್ಣಿಸಿ, ಸ್ನಾಯುವಿನ ಎಳೆಗಳ ಪೊರೆಯೇ ಹಾಳಾಗಿದೆ ಎಂದಿದ್ದರು. ಆ ಮಾತು ಎಷ್ಟು ನಿಜ ಎಂದು ತಿಳಿಯಲು ಜಗತ್ತಿಗೆ ನೂರಮೂವತ್ತೈದು ವರ್ಷ ಬೇಕಾಯಿತು. ಹೆಸರು ಮಾತ್ರ ಡುಶೆನ್‌ಗೆ ಹೋಯಿತು. ಮೆರಿಯನ್ ಪಾಲಿಗೆ ಅಡಿಟಿಪ್ಪಣಿ.

ಹೆಸರು ಡುಶೆನ್‌ಗೆ ದಕ್ಕಲು ಒಂದು ಕಾರಣ ಅವರ ಹತ್ತಿರ ಇದ್ದ ಸಾಧನ. ಮಗು ಬದುಕಿರುವಾಗಲೇ ಸ್ನಾಯುವಿನ ಚೂರನ್ನು ಹೊರತೆಗೆಯುವ ಸೂಜಿಯೊಂದನ್ನು ಅವರು ಮಾಡಿಕೊಂಡರು. ಅದಕ್ಕೆ ಬಿದ್ದ ಹೆಸರು ಹಾರ್ಪೂನ್, ಅಂದರೆ ಮೀನು ತಿವಿಯುವ ಈಟಿ. ಕನ್ನಡದಲ್ಲಿ ಕಾಲಿನ ಆ ಊದಿದ ಭಾಗದ ಹೆಸರು ಮೀನಖಂಡ ಎಂಬುದು ಮೀನುಗಾರರ ಮನೆಯ ಆ ವೈದ್ಯರಿಗೆ ಗೊತ್ತಿದ್ದರೆ ಖುಷಿಪಡುತ್ತಿದ್ದರೇನೋ.

ಈಟಿಗೆ ಸಿಕ್ಕಿದ್ದು ಏನು? ಸ್ನಾಯು ಇರಬೇಕಾದ ಕಡೆ ಕೊಬ್ಬು ಮತ್ತು ನಾರು. ಕಾಲು ಊದಿದ್ದು ಬಲದಿಂದಲ್ಲ, ಬಲ ಖಾಲಿಯಾದ ಜಾಗವನ್ನು ಬೇರೆಯವರು ಒತ್ತುವರಿ ಮಾಡಿದ್ದರಿಂದ.

ಆದರೆ ಈಟಿಗೆ ಮಿತಿಯಿದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದರೆ ಸಾಕು. ಸ್ನಾಯು ಹಾಗಲ್ಲ. ಒಂದೇ ತೊಡೆಯಲ್ಲಿ ಒಂದು ಸ್ನಾಯು ಪೂರ್ತಿ ಕೊಬ್ಬಾಗಿದ್ದರೆ ಪಕ್ಕದ್ದು ನೆಟ್ಟಗಿರುತ್ತದೆ. ಒಂದೇ ಸ್ನಾಯುವಿನ ತುದಿಗಳಲ್ಲಿ ಕೊಬ್ಬು ಹೆಚ್ಚು, ನಡುಭಾಗದಲ್ಲಿ ಕಡಿಮೆ. ಮೇಲಾಗಿ ಬೆಳೆಯುವ ಮಗುವನ್ನು ವರ್ಷವರ್ಷ ತಿವಿದು ನೋಡುವ ಧೈರ್ಯ ಯಾರಿಗಿದೆ?

[ಬಾಕ್ಸ್] ಏಳನೇ ತಾರೀಖು, ಒಂಬತ್ತನೇ ತಿಂಗಳು

ಡುಶೆನ್ ರೋಗಕ್ಕೆ ಕಾರಣವಾದ ಜೀನಿನಲ್ಲಿ 79 ತುಂಡುಗಳಿವೆ. ವಿಜ್ಞಾನಿಗಳು ಇವನ್ನು ಎಕ್ಸಾನ್ ಎನ್ನುತ್ತಾರೆ. ಹಾಗಾಗಿ 7-9, ಅಂದರೆ ಸೆಪ್ಟೆಂಬರ್ 7, ಜಾಗತಿಕ ಡುಶೆನ್ ಜಾಗೃತಿ ದಿನ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2023ರಲ್ಲಿ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಈ ಜೀನು ಮನುಷ್ಯನ ಅತಿ ಉದ್ದದ ಜೀನುಗಳಲ್ಲೊಂದು, 20 ಲಕ್ಷಕ್ಕೂ ಹೆಚ್ಚು ಅಕ್ಷರಗಳದ್ದು. ಉದ್ದ ಹೆಚ್ಚಿದಷ್ಟೂ ಕಾಗುಣಿತ ತಪ್ಪುವುದು ಹೆಚ್ಚು. ಹುಟ್ಟುವ ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬನಿಗೆ ಈ ರೋಗ. ಸುಮಾರು ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ತಾಯಿಯ ಜೀನಿನಲ್ಲಿ ದೋಷವೇ ಇರುವುದಿಲ್ಲ, ಹೊಸದಾಗಿ ತಪ್ಪಿರುತ್ತದೆ. ಸೊಸೆಯನ್ನು ದೂರುವ ಮನೆಗಳು ಈ ಸಾಲನ್ನು ಎರಡು ಸಲ ಓದಬೇಕು.

ಹರಿಯುವ ಪೊರೆ

1986–87ರಲ್ಲಿ ಅಮೆರಿಕದ ಲೂಯಿಸ್ ಕುಂಕೆಲ್ ಅವರ ತಂಡ ಜೀನನ್ನೂ ಅದು ತಯಾರಿಸುವ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನೂ ಪತ್ತೆ ಮಾಡಿತು. ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಇದರ ಪಾಲು ಶೇ 0.002ರಷ್ಟು. ಬಿಂದಿಗೆ ಸಾರಿಗೆ ಒಂದು ಹರಳು ಉಪ್ಪಿಗಿಂತ ಕಡಿಮೆ ಎನ್ನಿ. ಆದರೆ ಸ್ನಾಯುವಿನ ಎಳೆ ಎಳೆದಾಗ ಪೊರೆ ಹರಿಯದಂತೆ ಹಿಡಿದಿಡುವ ಹೊಲಿಗೆ ಅದೇ.

ಹೊಲಿಗೆಯಿಲ್ಲದ ಪೊರೆ ಪ್ರತಿ ಎಳೆತಕ್ಕೂ ಹರಿಯುತ್ತದೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು, ಏಕೆಂದರೆ ಆಗ ಸ್ನಾಯು ಬಿಗಿದುಕೊಂಡೇ ಉದ್ದವಾಗಬೇಕು. ಹರಿದದ್ದನ್ನು ದೇಹ ರಿಪೇರಿ ಮಾಡುತ್ತದೆ, ಮತ್ತೆ ಹರಿಯುತ್ತದೆ, ಮತ್ತೆ ರಿಪೇರಿ. ಕೆಲವು ವರ್ಷಗಳಲ್ಲಿ ರಿಪೇರಿಯ ಶಕ್ತಿ ಸೋಲುತ್ತದೆ. ಆಮೇಲೆ ಬರುವುದು ನಾರು, ಕೊಬ್ಬು.

ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಲಕ್ಷಣ ಕಾಣುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹನ್ನೆರಡರ ಹೊತ್ತಿಗೆ ಗಾಲಿಕುರ್ಚಿ. ಸ್ಟೆರಾಯ್ಡ್ ಮಾತ್ರೆ ಇದನ್ನು ಕೆಲವು ವರ್ಷ ಮುಂದೂಡುತ್ತದೆ. ನಂತರ ಉಸಿರಾಟದ ಸ್ನಾಯು, ಹೃದಯ.

ಸ್ಟಾಪ್‌ವಾಚ್ ಮಾಡುವ ಮೋಸ

ಈ ಕಥೆಯ ಗಂಟು ಇರುವುದು ಇಲ್ಲಿ. ರೋಗ ದಿನದಿನಕ್ಕೂ ಸ್ನಾಯು ತಿನ್ನುತ್ತಿರುತ್ತದೆ. ಆದರೆ ಆರು ವರ್ಷದ ಹುಡುಗ ಐದು ವರ್ಷದಲ್ಲಿ ನಡೆದದ್ದಕ್ಕಿಂತ ಚೆನ್ನಾಗಿಯೇ ನಡೆಯುತ್ತಾನೆ!

ಕಾರಣ ಸರಳ. ಅವನು ಬೆಳೆಯುತ್ತಿದ್ದಾನೆ. ಎತ್ತರ ಹೆಚ್ಚುತ್ತದೆ, ಹೆಜ್ಜೆ ಉದ್ದವಾಗುತ್ತದೆ, ಮೈಯ ಹತೋಟಿ ಬಲಿಯುತ್ತದೆ. ಒಂದು ಕಡೆಯಿಂದ ಬೆಳವಣಿಗೆ ತುಂಬುತ್ತಿದೆ, ಇನ್ನೊಂದು ಕಡೆಯಿಂದ ರೋಗ ಸೋರಿಸುತ್ತಿದೆ. ಏಳು ವರ್ಷದ ತನಕ ತುಂಬುವುದೇ ಗೆಲ್ಲುವುದರಿಂದ ಹೊರಗಿನವರಿಗೆ ಸೋರಿಕೆ ಕಾಣುವುದಿಲ್ಲ. ‘ಪರವಾಗಿಲ್ಲ, ಸುಧಾರಿಸ್ತಿದಾನೆ’ ಎಂದು ಮನೆಯವರು ಸಮಾಧಾನಪಡುವ ವರ್ಷಗಳೇ ಔಷಧಿಗೆ ಅತ್ಯಂತ ಬೆಲೆಬಾಳುವ ವರ್ಷಗಳು.

ಈಗ ಹೊಸ ಔಷಧಿಯೊಂದನ್ನು ಪರೀಕ್ಷಿಸಬೇಕು ಎಂದಿಟ್ಟುಕೊಳ್ಳಿ. ಅಳೆಯುವುದು ಯಾವುದರಿಂದ? ವರ್ಷಗಟ್ಟಲೆ ಬಳಕೆಯಲ್ಲಿದ್ದದ್ದು ಆರು ನಿಮಿಷದ ನಡಿಗೆ. ಕಾರಿಡಾರಿನಲ್ಲಿ ಗೆರೆ ಎಳೆದು, ಆರು ನಿಮಿಷದಲ್ಲಿ ಹುಡುಗ ಎಷ್ಟು ಮೀಟರ್ ನಡೆದ ಎಂದು ನೋಡುವುದು. 2013ರಲ್ಲಿ ಡ್ರಿಸಾಪರ್ಸೆನ್ ಎಂಬ ಔಷಧಿ ಮುಗ್ಗರಿಸಿದ್ದು ಇದೇ ಪರೀಕ್ಷೆಯಲ್ಲಿ. 2023ರ ಅಕ್ಟೋಬರಿನಲ್ಲಿ ಕೋಟಿಗಟ್ಟಲೆ ಬೆಲೆಯ ಜೀನ್ ಚಿಕಿತ್ಸೆಯ ದೊಡ್ಡ ಪ್ರಯೋಗವೂ ತನ್ನ ಮುಖ್ಯ ಅಳತೆಗೋಲಾದ ಚಲನೆಯ ಅಂಕಪಟ್ಟಿಯಲ್ಲಿ ಗೆಲ್ಲಲಿಲ್ಲ. ಅಂದ ಮಾತ್ರಕ್ಕೆ ಆ ಔಷಧಿಗಳಲ್ಲಿ ಸತ್ವವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಏಳು ವರ್ಷದ ಹುಡುಗ ಎಂದರೆ ಗೊತ್ತಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ನಡೆಯುವುದಿಲ್ಲ. ಕಾರಿಡಾರಿನ ತುದಿಯಲ್ಲಿ ಚಾಕೊಲೇಟ್ ಇದ್ದರೆ ಓಡಿಬಿಡುತ್ತಾನೆ. ಸ್ಟಾಪ್‌ವಾಚು ಸ್ನಾಯುವನ್ನು ಅಳೆಯಿತೋ ಮನಸ್ಸನ್ನು ಅಳೆಯಿತೋ ಹೇಳುವುದು ಹೇಗೆ?

ಚಿತ್ರ ತೆಗೆಯುವ ಯಂತ್ರಕ್ಕೆ ಮಗುವಿನ ಉತ್ಸಾಹದ ಹಂಗಿಲ್ಲ. ಮಲಗಿದ್ದರೆ ಸಾಕು.

ಜೋಡಿ ಉಯ್ಯಾಲೆ

ಸ್ನಾಯುವಿನ ಚಿತ್ರಕ್ಕೆ ಮೊದಲು ಕೈಹಾಕಿದ್ದು ಅಲ್ಟ್ರಾಸೌಂಡ್. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಜಾನ್ ಹೆಕ್‌ಮ್ಯಾಟ್ ಮತ್ತು ಸಂಗಡಿಗರು 1982ರಲ್ಲಿ ನಾಲ್ಕು ಮೆಟ್ಟಿಲಿನ ಅಳತೆಯೊಂದನ್ನು ಕೊಟ್ಟರು. ಸ್ನಾಯು ಕೆಟ್ಟಷ್ಟೂ ಶಬ್ದದ ಅಲೆಗಳು ಅಲ್ಲೇ ಚದುರಿ ಹಿಂದಿರುಗುತ್ತವೆ, ಕೆಳಗಿನ ಎಲುಬಿನ ಗೆರೆ ಮಸುಕಾಗುತ್ತದೆ. ನಾಲ್ಕನೇ ಮೆಟ್ಟಿಲಿನಲ್ಲಿ ಎಲುಬು ಕಾಣುವುದೇ ಇಲ್ಲ. ಅಗ್ಗದ, ಒಳ್ಳೆಯ ವಿಧಾನ. ಆದರೆ ಹಿಡಿದ ಕೈ ಬದಲಾದರೆ ಚಿತ್ರವೂ ಬದಲಾಗುತ್ತದೆ. ಸಿ.ಟಿ. ಸ್ಕ್ಯಾನ್ ಸ್ಪಷ್ಟವಾಗಿತ್ತು, ಆದರೆ ಮಕ್ಕಳಿಗೆ ಪದೇಪದೇ ವಿಕಿರಣ ಕೊಡುವುದು ಹೇಗೆ?

ಎಂ.ಆರ್.ಐ.ಗೆ ವಿಕಿರಣದ ಭಯವಿಲ್ಲ. ಅದು ಕೇಳಿಸಿಕೊಳ್ಳುವುದು ದೇಹದ ಜಲಜನಕದ ದನಿಯನ್ನು. ಜಲಜನಕ ನೀರಿನಲ್ಲೂ ಇದೆ, ಕೊಬ್ಬಿನಲ್ಲೂ ಇದೆ. ಸ್ನಾಯುವೆಂದರೆ ಬಹುಪಾಲು ನೀರು. ಹಾಗಾದರೆ ನೀರಿನ ದನಿ ಯಾವುದು, ಕೊಬ್ಬಿನ ದನಿ ಯಾವುದು?

1984ರಲ್ಲಿ ಥಾಮಸ್ ಡಿಕ್ಸನ್ ಎಂಬ ವಿಜ್ಞಾನಿ ಕೊಟ್ಟ ಉತ್ತರ ಜಾಣತನದ್ದು. ಜಾತ್ರೆಯಲ್ಲಿ ಅಕ್ಕಪಕ್ಕ ತೂಗುವ ಎರಡು ಉಯ್ಯಾಲೆ ನೆನೆಸಿಕೊಳ್ಳಿ. ಒಂದೇ ಸಲ ತಳ್ಳಿದ್ದೀರಿ, ಆದರೆ ಒಂದರ ಹಗ್ಗ ಕೂದಲೆಳೆಯಷ್ಟು ಉದ್ದ. ಸ್ವಲ್ಪ ಹೊತ್ತಿಗೆ ಎರಡೂ ಎದುರುಬದರಾಗುತ್ತವೆ, ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೆ ಜೊತೆಗೂಡುತ್ತವೆ. ನೀರು ಮತ್ತು ಕೊಬ್ಬಿನ ಜಲಜನಕವೂ ಹೀಗೆಯೇ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಇವುಗಳ ಲಯದ ವ್ಯತ್ಯಾಸ ಸೆಕೆಂಡಿಗೆ ಸುಮಾರು 220 ಸುತ್ತು. ಸುಮಾರು 2.3 ಮಿಲಿಸೆಕೆಂಡಿಗೆ ಎದುರುಬದರು, 4.6ಕ್ಕೆ ಮತ್ತೆ ಜೊತೆ.

ಆ ಎರಡು ಗಳಿಗೆಗಳಲ್ಲಿ ಒಂದೊಂದು ಚಿತ್ರ ಹಿಡಿದರೆ ಮುಗಿಯಿತು. ಎರಡನ್ನೂ ಕೂಡಿದರೆ ಕೊಬ್ಬು ರದ್ದಾಗಿ ನೀರು ಉಳಿಯುತ್ತದೆ, ಒಂದರಲ್ಲಿ ಇನ್ನೊಂದನ್ನು ಕಳೆದರೆ ನೀರು ರದ್ದಾಗಿ ಕೊಬ್ಬು. ಮೂರನೇ ಕ್ಲಾಸಿನ ಕೂಡು–ಕಳೆ ಲೆಕ್ಕ! ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ ನೀರಿನ ಚಿತ್ರ ಬೇರೆ, ಕೊಬ್ಬಿನ ಚಿತ್ರ ಬೇರೆ. ಪ್ರತಿ ಚುಕ್ಕಿಯಲ್ಲೂ ನೂರಕ್ಕೆ ಎಷ್ಟು ಕೊಬ್ಬು ಎಂದು ಹೇಳಬಹುದು. ಇದನ್ನೇ ‘ಕೊಬ್ಬಿನ ಪಾಲು’ ಎನ್ನುತ್ತಾರೆ. ಆರೋಗ್ಯವಂತ ಮಗುವಿನ ತೊಡೆಯ ಸ್ನಾಯುವಿನಲ್ಲಿ ಇದು ನೂರಕ್ಕೆ ಕೆಲವೇ ಅಂಶ.

ನಂತರದ ಕೆಲಸ ತಾಳ್ಮೆಯದು. ಪ್ರತಿ ಬಿಲ್ಲೆಯಲ್ಲೂ ಪ್ರತಿ ಸ್ನಾಯುವಿನ ಸುತ್ತ ಮೌಸ್ ಹಿಡಿದು ಗೆರೆ ಎಳೆಯಬೇಕು, ರಂಗೋಲಿಯ ಚುಕ್ಕಿ ಸೇರಿಸಿದ ಹಾಗೆ. ಈಚೆಗೆ ಕೃತಕ ಬುದ್ಧಿಮತ್ತೆ ಆ ಗೆರೆ ಎಳೆಯುತ್ತಿದೆ. ತಪ್ಪಿದ ಕಡೆ ಮನುಷ್ಯ ಒರೆಸಿ ತಿದ್ದುತ್ತಾನೆ. ಮುಂದಿನ ವರ್ಷವೂ ಅದೇ ಎತ್ತರದ ಬಿಲ್ಲೆಯನ್ನೇ ಅಳೆಯಬೇಕು. ಒಂದೆರಡು ಸೆಂಟಿಮೀಟರ್ ಆಚೀಚೆಯಾದರೂ ಲೆಕ್ಕ ಕೈಕೊಡುತ್ತದೆ.

ಫ್ಲೋರಿಡಾದಿಂದ ಬಂದ ಸುದ್ದಿ

ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಫ್ಲೋರಿಡಾ ವಿಶ್ವವಿದ್ಯಾಲಯದ ಕ್ರಿಸ್ಟಾ ವ್ಯಾಂಡೆನ್‌ಬೋರ್ನ್ ಮತ್ತು ತಂಡ. ಒರೆಗಾನ್ ಮತ್ತು ಫಿಲಡೆಲ್ಫಿಯಾದ ಆಸ್ಪತ್ರೆಗಳೂ ಕೈಜೋಡಿಸಿದವು. ನೂರಕ್ಕೂ ಹೆಚ್ಚು ಹುಡುಗರನ್ನು ವರ್ಷವರ್ಷ ಅದೇ ಯಂತ್ರದಲ್ಲಿ ಮಲಗಿಸಿ ನೋಡಿದರು.

2016ರಲ್ಲಿ ಬಂದ ವರದಿಯ ತಿರುಳು: ಒಂದು ವರ್ಷದಲ್ಲಿ ನಡಿಗೆ ಕುಗ್ಗದ ಹುಡುಗರಲ್ಲೂ ಕೊಬ್ಬಿನ ಪಾಲು ಏರಿತ್ತು. ಸೋರಿಕೆ ಕೊನೆಗೂ ಕಣ್ಣಿಗೆ ಬಿತ್ತು. ಅತಿ ಚುರುಕಾಗಿ ಬದಲಾಗುತ್ತಿದ್ದ ಸ್ನಾಯುಗಳಲ್ಲೊಂದು ತೊಡೆಯ ಹೊರಮಗ್ಗುಲಿನದು, ವ್ಯಾಸ್ಟಸ್ ಲ್ಯಾಟರಾಲಿಸ್ ಎಂದು ಅದರ ಹೆಸರು. ನಿಮ್ಮ ಪ್ಯಾಂಟಿನ ಜೇಬಿನ ಕೆಳಗೆ ಕೈಯಿಟ್ಟುಕೊಂಡು ಕುರ್ಚಿಯಿಂದ ಎದ್ದರೆ ಅದು ಬಿಗಿಯುವುದು ಗೊತ್ತಾಗುತ್ತದೆ.

ಸ್ಟೆರಾಯ್ಡ್ ಏನು ಮಾಡುತ್ತದೆ ಎಂಬುದನ್ನೂ ಇದೇ ತಂಡ 2014ರಲ್ಲಿ ತೋರಿಸಿತ್ತು. ಮಾತ್ರೆ ಶುರುಮಾಡಿದ ಮೂರು ತಿಂಗಳಿಗೇ ಸ್ನಾಯುವಿನ ಉರಿಯೂತ ತಗ್ಗಿದ್ದು ಚಿತ್ರದಲ್ಲಿತ್ತು. ಮಾತ್ರೆ ತಿನ್ನುವವರಲ್ಲಿ ವರ್ಷದಲ್ಲಿ ಸೇರಿದ ಕೊಬ್ಬೂ ಕಡಿಮೆ.

ನೆದರ್ಲೆಂಡ್ಸ್‌ನ ಲೈಡನ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಯಾರ ವ್ಯಾಸ್ಟಸ್ ಲ್ಯಾಟರಾಲಿಸ್‌ನಲ್ಲಿ ಕೊಬ್ಬು ಹೆಚ್ಚೋ ಅವನು ಮೊದಲು ನಡಿಗೆ ಕಳೆದುಕೊಳ್ಳುತ್ತಾನೆ ಎಂದು 2020ರಲ್ಲಿ ತೋರಿಸಿತು. ಮರುವರ್ಷ ಅದೇ ತಂಡ ಮೊಣಕೈ ಮಡಿಸುವ ಸ್ನಾಯುಗಳ ಮೇಲೆ ಗಮನ ಇಟ್ಟಿತು. ಪ್ರಶ್ನೆ ಇಷ್ಟೇ: ಗಾಲಿಕುರ್ಚಿಯಲ್ಲಿರುವ ಹುಡುಗ ಕೈಯನ್ನು ಬಾಯಿಯ ತನಕ ಎತ್ತುವುದು ಇನ್ನೆಷ್ಟು ಕಾಲ? ಉತ್ತರದ ಸುಳಿವು ಅಲ್ಲಿನ ಕೊಬ್ಬಿನ ಪಾಲಿನಲ್ಲಿತ್ತು. ನಾನು ಓದಿದ ವೈದ್ಯಕೀಯ ವರದಿಗಳಲ್ಲಿ ಇಷ್ಟು ಹತ್ತಿರ ಬಂದು ತಟ್ಟಿದ್ದು ಇನ್ನೊಂದಿಲ್ಲ. ಅಳೆಯುತ್ತಿದ್ದದ್ದು ಸ್ನಾಯುವನ್ನಲ್ಲ, ತನ್ನ ತುತ್ತು ತಾನೇ ತಿನ್ನುವ ದಿನಗಳನ್ನು.

ನಾಲ್ಕು ಮೆಟ್ಟಿಲು, ಕೆಲವು ಸೆಕೆಂಡು

ಚಿತ್ರದ ಲೆಕ್ಕ ಔಷಧಿಯ ಅಂಗಡಿಯ ತನಕ ಬಂದ ಉದಾಹರಣೆಯೂ ಇದೆ. ಗಿವಿನೋಸ್ಟಾಟ್ ಎಂಬ ಔಷಧಿಯ ಪ್ರಯೋಗದಲ್ಲಿ 179 ಹುಡುಗರಿದ್ದರು. ಅವರಲ್ಲಿ ಮುಖ್ಯ ಗುಂಪನ್ನು ಆರಿಸಿದ್ದೇ ಸ್ಕ್ಯಾನ್ ನೋಡಿ. ವ್ಯಾಸ್ಟಸ್ ಲ್ಯಾಟರಾಲಿಸ್‌ನಲ್ಲಿ ಕೊಬ್ಬು ಶೇ 5ಕ್ಕಿಂತ ಹೆಚ್ಚಿರಬೇಕು, ಶೇ 30 ಮೀರಬಾರದು. ಅಂಥವರು 120 ಮಂದಿ. ತೀರಾ ಚೆನ್ನಾಗಿರುವವನು ಒಂದೂವರೆ ವರ್ಷದಲ್ಲಿ ಬದಲಾಗುವುದಿಲ್ಲ, ತೀರಾ ಸೊರಗಿದವನಲ್ಲಿ ಉಳಿಸಲು ಏನೂ ಇರುವುದಿಲ್ಲ ಎಂಬ ಲೆಕ್ಕಾಚಾರ.

ಅಳತೆಗೋಲು ನಾಲ್ಕು ಮೆಟ್ಟಿಲು ಹತ್ತುವ ಸಮಯ. 18 ತಿಂಗಳ ನಂತರ ಔಷಧಿ ಪಡೆದವರಿಗೆ ಸರಾಸರಿ 1.25 ಸೆಕೆಂಡು ಹೆಚ್ಚು ಬೇಕಾಯಿತು. ಹುಸಿಮಾತ್ರೆ ಪಡೆದವರಿಗೆ 3.03 ಸೆಕೆಂಡು. ಸ್ಕ್ಯಾನೂ ಅದೇ ದಿಕ್ಕಿಗೆ ಬೆರಳು ತೋರಿತು: ಔಷಧಿ ಪಡೆದವರಲ್ಲಿ ಕೊಬ್ಬು ಏರಿದ್ದು ನಿಧಾನ. 2024ರ ಮಾರ್ಚಿನಲ್ಲಿ ಅಮೆರಿಕ ಆರು ವರ್ಷ ದಾಟಿದವರಿಗೆ ಈ ಔಷಧಿಯನ್ನು ಒಪ್ಪಿತು.

ಗಮನಿಸಿ, ಒಪ್ಪಿಗೆ ಸಿಕ್ಕಿದ್ದು ಮೆಟ್ಟಿಲಿನ ಲೆಕ್ಕದ ಮೇಲೆ. ಚಿತ್ರ ಸಾಕ್ಷಿ ಹೇಳಿತು, ತೀರ್ಪು ಕೊಡಲಿಲ್ಲ. ನನ್ನ ಮಟ್ಟಿಗೆ ಅದು ಸರಿಯೇ. ಕೊಬ್ಬು ಕಡಿಮೆಯಾಗಿ ಮೆಟ್ಟಿಲು ಹತ್ತಲಾಗದಿದ್ದರೆ ಆ ಕೊಬ್ಬಿನ ಲೆಕ್ಕ ಯಾರಿಗೆ ಬೇಕು? ಆದರೆ ಯಾರನ್ನು ಪ್ರಯೋಗಕ್ಕೆ ಸೇರಿಸಬೇಕು, ಎಷ್ಟು ಬೇಗ ಕೈಬಿಡಬೇಕು ಎಂಬಲ್ಲಿ ಚಿತ್ರ ಇಲ್ಲದೆ ಇನ್ನು ನಡೆಯುವುದಿಲ್ಲ.

[ಬಾಕ್ಸ್] ಹೃದಯವೂ ಒಂದು ಸ್ನಾಯು

ಡುಶೆನ್‌ನಲ್ಲಿ ಹೃದಯದ ಎಡ ಕೋಣೆಯ ಹಿಂಬದಿ ಗೋಡೆಯ ಹೊರಪದರದಲ್ಲಿ ನಾರು ಕಟ್ಟಲು ಶುರುವಾಗುತ್ತದೆ. ಪಂಪ್ ಮಾಡುವ ಶಕ್ತಿ ಕುಗ್ಗುವ ಮುಂಚೆಯೇ ಇದನ್ನು ಹೃದಯದ ಎಂ.ಆರ್.ಐ. ಕಾಣಬಲ್ಲದು. 2018ರ ಅಂತರರಾಷ್ಟ್ರೀಯ ಆರೈಕೆ ಸೂತ್ರಗಳು ಆರೇಳು ವರ್ಷದ ತನಕ ಎಕೋ, ಮಗು ಅಲ್ಲಾಡದೆ ಮಲಗಬಲ್ಲ ವಯಸ್ಸಿನಿಂದ ಎಂ.ಆರ್.ಐ. ಎನ್ನುತ್ತವೆ. 2015ರಲ್ಲಿ 42 ಹುಡುಗರ ಪ್ರಯೋಗವೊಂದು ಎಪ್ಲೆರೆನೋನ್ ಎಂಬ ಹಳೆಯ ಮಾತ್ರೆ ಹೃದಯದ ಕುಸಿತವನ್ನು ನಿಧಾನಿಸುತ್ತದೆ ಎಂದು ತೋರಿಸಿದ್ದೂ ಎಂ.ಆರ್.ಐ. ಅಳತೆಯಿಂದಲೇ. ದೋಷವಿರುವ ಜೀನು ಹೊತ್ತ ತಾಯಂದಿರಿಗೂ ಹೃದಯದ ತಪಾಸಣೆ ಬೇಕು. ಮಗನ ಓಡಾಟದಲ್ಲಿ ತಮ್ಮದನ್ನು ಮರೆಯುವವರು ಅವರೇ.

ಕಣಿವೆ, ವಜ್ರ

ಚಿತ್ರ ಓದುವ ವಿದ್ಯೆ ನಮ್ಮ ದೇಶಕ್ಕೆ ಹೊಸದೇನಲ್ಲ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ನರರೋಗ ತಜ್ಞ ಸುನಿಲ್ ಪ್ರಧಾನ್ ಯಾವ ಯಂತ್ರವೂ ಇಲ್ಲದೆ ಬರಿಗಣ್ಣಿನಿಂದಲೇ ಸ್ನಾಯುಗಳನ್ನು ಓದಿದವರು. ಹುಡುಗ ತೋಳು ಅಗಲಿಸಿ ಎತ್ತಿದಾಗ ಕಂಕುಳ ಹಿಂದೆ ಎರಡು ಉಬ್ಬುಗಳ ನಡುವೆ ತಗ್ಗು ಮೂಡುವುದನ್ನು 1990ರ ದಶಕದಲ್ಲಿ ಗುರುತಿಸಿದರು. ಅದಕ್ಕೆ ‘ಕಣಿವೆ ಚಿಹ್ನೆ’ ಎಂದು ಹೆಸರು. ಡಿಸ್ಫರ್ಲಿನ್ ಎಂಬ ಬೇರೆ ಪ್ರೋಟೀನಿನ ಕೊರತೆಯ ಸ್ನಾಯುಕ್ಷಯದಲ್ಲಿ ತೊಡೆಯ ಮುಂಭಾಗ ವಜ್ರದಾಕಾರದಲ್ಲಿ ಉಬ್ಬುವುದನ್ನು 2008ರಲ್ಲಿ ಬರೆದರು. ಹೊರಗಿನ ಉಬ್ಬು–ತಗ್ಗಿನಿಂದ ಒಳಗಿನ ಜೀನನ್ನು ಊಹಿಸುವ ಕಲೆ ಇದು.

ಎಂ.ಆರ್.ಐ. ಅದೇ ಕಲೆಯನ್ನು ಒಳಗಿನಿಂದ ಮಾಡುತ್ತದೆ. ನಮ್ಮ ದೇಶದಲ್ಲಿ ಕಾಣಸಿಗುವ ಜಿ.ಎನ್.ಇ. ಎಂಬ ಸ್ನಾಯುರೋಗದಲ್ಲಿ ಕಾಲೆಲ್ಲ ಸೊರಗಿದರೂ ತೊಡೆಯ ಮುಂಭಾಗ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಬಿಲ್ಲೆ ನೋಡಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಗಳ ಬಗ್ಗೆ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಬೆಂಗಳೂರಿನಲ್ಲೇ ಹೆತ್ತವರು ಕಟ್ಟಿದ ಡಾರ್ಟ್ ಎಂಬ ಟ್ರಸ್ಟ್, ಜೋಧಪುರದ ಐ.ಐ.ಟಿ. ಮತ್ತು ಏಮ್ಸ್ ಜೊತೆ ಸೇರಿ, ಕೈಗೆಟಕುವ ಔಷಧಿ ತಯಾರಿಸಲು ಹೊರಟಿದೆ.

ಮಿತಿಗಳನ್ನೂ ಹೇಳಿಬಿಡಬೇಕು. ಕೊಬ್ಬನ್ನು ಚೆನ್ನಾಗಿ ಎಣಿಸುವ ಎಂ.ಆರ್.ಐ. ನಾರನ್ನು ಎಣಿಸುವುದರಲ್ಲಿ ಇನ್ನೂ ತೊದಲುತ್ತದೆ. ಜರ್ಮನಿಯ ಎರ್ಲಾಂಗನ್‌ನ ವೈದ್ಯರು 2019ರಲ್ಲಿ ಇದಕ್ಕೆ ಬೇರೆ ದಾರಿ ತೋರಿಸಿದರು. ಚರ್ಮದ ಮೇಲೆ ಲೇಸರ್ ಬೆಳಕಿನ ಮಿಂಚು ಬಿಟ್ಟು, ಅದರಿಂದ ಏಳುವ ಸದ್ದನ್ನು ಕೇಳಿ ನಾರಿನಲ್ಲಿರುವ ಕೊಲಾಜೆನ್ ಅಳೆಯುವುದು. ಹತ್ತು ಹುಡುಗರ ಮೇಲೆ ಮಾಡಿದ ಸಣ್ಣ ಅಧ್ಯಯನ, ಆದರೆ ಸಾಧನ ಕೈಯಲ್ಲಿ ಹಿಡಿಯುವಂಥದು, ಸುರಂಗದೊಳಗೆ ಹೋಗಬೇಕಾಗಿಲ್ಲ. ಮಂಡಿ, ಸೊಂಟ ಮಡಚಿಕೊಂಡು ಬಿಗಿದ ಹುಡುಗರು ಸುರಂಗದಲ್ಲಿ ನೆಟ್ಟಗೆ ಮಲಗಲಾರರು. ಬೆನ್ನುಮೂಳೆಗೆ ಲೋಹದ ಸರಳು ಹಾಕಿಸಿಕೊಂಡವರ ಚಿತ್ರ ಆ ಜಾಗದಲ್ಲಿ ಕೆಡುತ್ತದೆ.

ಇನ್ನೊಂದು ಮಾತು ಹೆತ್ತವರಿಗೆ. ರೋಗ ಪತ್ತೆಗೆ ಸ್ಕ್ಯಾನ್ ಬೇಕೇಬೇಕು ಎಂದೇನಿಲ್ಲ. ರಕ್ತಪರೀಕ್ಷೆ, ಜೀನ್ ಪರೀಕ್ಷೆ ಸಾಕು. ವರ್ಷವರ್ಷ ಸಾವಿರಾರು ರೂಪಾಯಿ ಸುರಿದು ತೊಡೆಯ ಚಿತ್ರ ತೆಗೆಸಿದ ಮಾತ್ರಕ್ಕೆ ಸ್ನಾಯು ಉಳಿಯುವುದಿಲ್ಲ. ಸ್ಟೆರಾಯ್ಡ್, ಫಿಸಿಯೊಥೆರಪಿ, ಹೃದಯ–ಶ್ವಾಸಕೋಶದ ತಪಾಸಣೆ ಮೊದಲು. ತೊಡೆಯ ಸ್ಕ್ಯಾನಿನ ನಿಜವಾದ ಜಾಗ ಸಂಶೋಧನೆ ಮತ್ತು ಔಷಧಿ ಪ್ರಯೋಗಗಳಲ್ಲಿ.

[ಬಾಕ್ಸ್] ಅರಿವಳಿಕೆಗೆ ಮುಂಚೆ ಬಾಯಿಬಿಟ್ಟು ಹೇಳಿ

ಸಣ್ಣ ಮಕ್ಕಳಿಗೆ ಸ್ಕ್ಯಾನ್ ಹೊತ್ತಿನಲ್ಲಿ ಮಂಪರು ಬರಿಸುವುದುಂಟು. ಡುಶೆನ್ ಇರುವ ಮಗುವಿಗೆ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಮತ್ತು ಮೂಗಿನಿಂದ ಎಳೆದುಕೊಳ್ಳುವ ಕೆಲವು ಅರಿವಳಿಕೆಗಳು ಪ್ರಾಣಕ್ಕೇ ಕುತ್ತು ತರಬಹುದು. ಹಲ್ಲು ಕೀಳಿಸುವುದಿರಲಿ, ಸ್ಕ್ಯಾನ್ ಇರಲಿ, ಅರಿವಳಿಕೆ ವೈದ್ಯರಿಗೆ ರೋಗದ ಹೆಸರನ್ನು ನೀವೇ ಹೇಳಿ. ಅರಿವಳಿಕೆಯ ಆಚೆಗೆ ಇನ್ನೊಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಸ್ನಾಯುಕ್ಷಯವೂ ಇದೆ. ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

‘ಇದು ನನ್ನ ಕಾಲಾ?’

ಡಬಡಬ ನಿಂತಿತು. ಅಪ್ಪ ಒಳಹೋಗಿ ಹುಡುಗನನ್ನು ಎತ್ತಿಕೊಂಡು ಬಂದರು. ಪರದೆಯ ಮುಂದೆ ಕುರ್ಚಿಯಲ್ಲಿ ಕೂತ ಹುಡುಗ ಬಿಲ್ಲೆಯನ್ನು ತುಂಬ ಹೊತ್ತು ನೋಡಿ ಕೇಳಿದ, ‘ಇದು ನನ್ನ ಕಾಲಾ?’

‘ಹೂಂ ಕಣೋ. ಚೂರೂ ಅಲ್ಲಾಡಿಲ್ಲ ನೀನು, ಎಷ್ಟು ಚೆನ್ನಾಗಿ ಬಂದಿದೆ ನೋಡು’ ಎಂದ ಟೆಕ್ನೀಷಿಯನ್. ಹುಡುಗನಿಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷ.

ಅಮ್ಮ ಉಡಿದಾರ ಕಟ್ಟಿದರು, ಎರಡು ಗಂಟು ಹಾಕಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ‘ನಾಲ್ಕನೇ ವರ್ಷದಲ್ಲಿ ಲಿವರ್ ತೊಂದರೆ ಅಂತ ಒಂದು ವರ್ಷ ಔಷಧಿ ಕುಡಿಸಿದ್ವಿ. ಯಾರೂ ಕಾಲು ನೋಡ್ಲಿಲ್ಲ.’

ಇದು ಅವರೊಬ್ಬರ ಕಥೆಯಲ್ಲ. ರಕ್ತಪರೀಕ್ಷೆಯಲ್ಲಿ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಎಂಬ ಕಿಣ್ವಗಳು ಹೆಚ್ಚಿದ್ದರೆ ಎಲ್ಲರೂ ಲಿವರ್ ಎನ್ನುತ್ತಾರೆ. ಹರಿದ ಸ್ನಾಯುವಿನಿಂದಲೂ ಅವು ಸೋರುತ್ತವೆ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಅಂಗನವಾಡಿಯಲ್ಲಿ ಮೂರು–ನಾಲ್ಕು ವರ್ಷದ ಗಂಡುಮಗು ನೆಲದಿಂದ ಏಳುವಾಗ ಮೊದಲು ಬೋರಲಾಗಿ, ಕೈಯೂರಿ, ಆಮೇಲೆ ತನ್ನ ಮಂಡಿ, ತೊಡೆಗಳ ಮೇಲೇ ಕೈಯಿಟ್ಟು ಹತ್ತಿದ ಹಾಗೆ ಎದ್ದರೆ, ಪದೇಪದೇ ಮುಗ್ಗರಿಸಿದರೆ, ತುದಿಗಾಲಲ್ಲಿ ನಡೆದರೆ, ಮೀನಖಂಡ ವಯಸ್ಸಿಗೆ ಮೀರಿ ದಪ್ಪಗಿದ್ದರೆ, ದೃಷ್ಟಿ ತೆಗೆದು ಸುಮ್ಮನಾಗಬೇಡಿ. ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ರಕ್ತಪರೀಕ್ಷೆಯ ಚೀಟಿಯಲ್ಲಿ, ಸ್ನಾಯು ಹರಿದಿದ್ದರೆ ಹೇಳಿಬಿಡುವ ಸಿ.ಪಿ.ಕೆ. ಎಂಬ ಮೂರಕ್ಷರ ಬರೆಸಿ.